ಹಸಿರು ಲಾರಿಯಲ್ಲಿ ಮೇಣದ ಪಾತ್ರೆ ಏಕಿತ್ತು?



ಇಂಟರ್ನೆಟ್ ಕೆಟ್ಟರೆ ಏನು ಮಾಡಬೇಕೆಂದು ನಮ್ಮ ಮಕ್ಕಳನ್ನು ಕೇಳಿ ನೋಡಿ, "ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ಸಾಫ್ಟ್‌ವೇರಿನವನಾದ ನನ್ನ ರಿಪೇರಿಯೂ ಹೆಚ್ಚುಕಡಿಮೆ ಅಷ್ಟೇ! ಇಂಥ ನನಗೆ ಈಚೆಗೆ ಹಿಡಿದಿರುವ ಹುಚ್ಚು, ಇಲ್ಲಿನ ಬೆಲ್ ಟೆಲಿಫೋನ್ ಕಂಪನಿಗಳ ಹಳೆಯ ಕೈಪಿಡಿಗಳನ್ನು ಓದುವುದು. 1940-50ರ ದಶಕಗಳಲ್ಲಿ ಅಮೆರಿಕದ ಬೀದಿಗಳಲ್ಲಿ ಓಡಾಡುತ್ತಿದ್ದ ಅವರ ಕಡು ಹಸಿರು ರಿಪೇರಿ ಲಾರಿಗಳು ಏನೇನು ಹೊತ್ತಿದ್ದವು ಎಂಬುದು ಅವುಗಳಿಂದ ಚೆನ್ನಾಗಿ ತಿಳಿಯುತ್ತದೆ.

ಮನೆಗೆ ಬರುತ್ತಿದ್ದವನ ಸಾಮಾನು ನಾವು ಊಹಿಸಬಹುದಾದದ್ದೇ. ಆಗ ಫೋನು ಗಿರಾಕಿಯದಲ್ಲ, ಕಂಪನಿಯದು; ನಾವು ಕೊಡುತ್ತಿದ್ದುದು ಬಾಡಿಗೆ. (ಊರಿನಲ್ಲೂ ಹಾಗೇ ಇತ್ತಲ್ಲ, ಬೆಂಗಳೂರಿನ ಐಟಿಐ ಮಾಡಿದ ಆ ಕಪ್ಪು ಡಯಲ್ ಫೋನು ಸರ್ಕಾರದ್ದೇ!) ಹಾಗಾಗಿ ಲಾರಿಯಲ್ಲಿ ಡಯಲ್, ಗಂಟೆ, ವೈರು ಎಲ್ಲದರ ಬಿಡಿಭಾಗ. ಸೊಂಟದಲ್ಲಿ ಕ್ಲಿಪ್ಪುಗಳಿದ್ದ ಪರೀಕ್ಷೆಯ ಫೋನು. ಕಂಬ ಹತ್ತಲು ಕಾಲಿಗೆ ಕಟ್ಟುವ ಕಬ್ಬಿಣದ ಮುಳ್ಳು, ಚರ್ಮದ ಪಟ್ಟಿ, ಜೊತೆಗೆ ರಬ್ಬರ್ ಕೈಗವಸು. ಅದೇ ಕಂಬದ ಮೇಲ್ಭಾಗದಲ್ಲಿ ಕರೆಂಟಿನ ತಂತಿ ಇರುತ್ತಿದ್ದುದರಿಂದ ಕೈಗವಸು ಬರೀ ಶಿಸ್ತಿನ ಮಾತಲ್ಲ, ಜೀವದ ಮಾತು.

ನಿಜವಾಗಿ ನನ್ನನ್ನು ಬೆರಗಾಗಿಸಿದ್ದು ಕೇಬಲ್ ಜೋಡಿಸುವವನ ಲಾರಿ. ಅದರೊಳಗೆ ನೋಡಿದರೆ ಮದುವೆ ಅಡುಗೆಯವರ ಗಾಡಿಯೇ ಸರಿ! ಪೆಟ್ರೋಲ್ ಸ್ಟವ್, ಪಾತ್ರೆ, ಸೌಟು, ಮೇಣ, ಮೋಂಬತ್ತಿ, ಮಲ್ಲು ಬಟ್ಟೆ. ಟೆಲಿಫೋನಿಗೂ ಇವಕ್ಕೂ ಏನು ಸಂಬಂಧ?

ಉತ್ತರ ಒಂದೇ: ನೀರು. ಅಂದಿನ ಕೇಬಲಿನಲ್ಲಿ ತಾಮ್ರದ ತಂತಿಗಳಿಗೆ ಪ್ಲಾಸ್ಟಿಕ್ ಇರಲಿಲ್ಲ, ಕಾಗದ ಸುತ್ತಿರುತ್ತಿದ್ದರು. ಕಾಗದ ಅಗ್ಗ, ಅದರೊಳಗಿನ ಗಾಳಿಯಿಂದ ಮಾತು ದೂರದವರೆಗೂ ಹೆಚ್ಚು ಕ್ಷೀಣಿಸದೆ ಹೋಗುತ್ತದೆ. ದೊಡ್ಡ ಕೇಬಲಿನಲ್ಲಿ ಸಾವಿರಕ್ಕೂ ಹೆಚ್ಚು ಜೋಡಿ ತಂತಿ, ಅವೆಲ್ಲದರ ಮೇಲೆ ಸೀಸದ ಕೊಳವೆ. ಸೀಸದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು. ಒಂದು ಮಳೆ ಬಂತೆಂದರೆ ಕಾಗದ ನೆನೆದು ನೂರಾರು ಮನೆಗಳ ಫೋನು ಒಟ್ಟಿಗೇ ಸತ್ತುಹೋಗುತ್ತಿತ್ತು.

ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ನಾವು ಕಾಲೇಜಿನಲ್ಲಿ ಕಲಿತ ವೀಟ್‌ಸ್ಟೋನ್ ಬ್ರಿಜ್ಜಿನ ಕೆಲಸ. ಸಣ್ಣ ತಂತಿಯ ಜೋಡಿಯೊಂದಕ್ಕೆ 1000 ಅಡಿಗೆ ಸುಮಾರು 52 ಓಮ್ ರೋಧ. ಎರಡು ತಂತಿ ಪೂರ್ತಿ ಕೂಡಿಕೊಂಡಿದ್ದು 104 ಓಮ್ ಬಂದರೆ, ದೋಷ ಸುಮಾರು 2000 ಅಡಿ ದೂರದಲ್ಲಿ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಆ ಬ್ರಿಜ್ಜಿಗೆ ಇಂಥ ಉಪಯೋಗ ಇದೆ ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ ನೋಡಿ.

ಜಾಗ ಸಿಕ್ಕಿದ ಮೇಲೆ ಮ್ಯಾನ್‌ಹೋಲ್. ಇಳಿಯುವ ಮೊದಲು ಒಳಗೆ ಗ್ಯಾಸ್ ಇದೆಯೇ ಎಂದು ಪರೀಕ್ಷಿಸಬೇಕು. ಪಕ್ಕದ ಗ್ಯಾಸ್ ಪೈಪು ಸೋರಿ ಗುಂಡಿ ತುಂಬಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ಲಾರಿಯಲ್ಲಿ ಗ್ಯಾಸ್ ಪರೀಕ್ಷೆಯ ಉಪಕರಣ, ಗಾಳಿ ಊದುವ ಯಂತ್ರ, ನೀರೆತ್ತುವ ಪಂಪು, ಏಣಿ, ಮಳೆಗೆ ಮರೆಯಾಗಿ ಟೆಂಟು. ಸ್ಟವ್ ಉರಿಯುತ್ತಿದ್ದುದು ಮೇಲೆ, ಗುಂಡಿಯಿಂದ ದೂರದಲ್ಲಿ.

ಕಾದ ಮೇಣವನ್ನು ಸೌಟಿನಲ್ಲಿ ತಂತಿಗಳ ಮೇಲೆ ಸುರಿಯುತ್ತಿದ್ದರು. ಕಾಗದದಲ್ಲಿ ತೇವ ಇದ್ದರೆ, ಒಗ್ಗರಣೆ ಎಣ್ಣೆಗೆ ನೀರು ಬಿದ್ದ ಹಾಗೆ ಚಟಚಟ ಎಂದು ನೊರೆ! ಸದ್ದು ನಿಲ್ಲುವವರೆಗೂ ಸುರಿಯುವುದು. ಆಮೇಲೆ ಒಂದೊಂದೇ ತಂತಿಯನ್ನು ಬೆರಳಲ್ಲೇ ಹೊಸೆದು, ಕಾಗದದ ನಳಿಗೆ ತೊಡಿಸಿ, ಬಟ್ಟೆ ಸುತ್ತಿ, ಮೇಲೆ ಸೀಸದ ತೋಳು ಹಾಕುವುದು. ಅದರ ತುದಿಗಳನ್ನು ಹೆರೆದು ಹೊಳೆಯಿಸಿ, ಸ್ಟಿಯರಿನ್ ಮೋಂಬತ್ತಿ ಉಜ್ಜಿ, ಕರಗಿದ ಬೆಸುಗೆ ಲೋಹ ಸುರಿದು, ಅದು ಹಲ್ವದ ಹದಕ್ಕೆ ಬಂದಾಗ ಕೊಬ್ಬು ಹಚ್ಚಿದ ದಪ್ಪ ಬಟ್ಟೆಯಿಂದ ಸವರಿ ಮುಚ್ಚಬೇಕು. ಹದ ತಪ್ಪಿದರೆ ಮತ್ತೆ ನೀರು. ಇದರ ಮುಂದೆ ನಮ್ಮ ಕೋಡಿಂಗ್ ಯಾವ ಲೆಕ್ಕ ಹೇಳಿ?

1950ರ ದಶಕದಿಂದ ಪ್ಲಾಸ್ಟಿಕ್ ಹೊದಿಕೆಯ ತಂತಿ ಬರುತ್ತಾ ಹೋಗಿ ಮೇಣದ ಪಾತ್ರೆ ಕ್ರಮೇಣ ಮರೆಯಾಯಿತು. ಆದರೆ ಸೀಸ ಎಲ್ಲ ಕಡೆಯೂ ಹೋಗಲಿಲ್ಲ. ಇಂಥ ಹಳೆಯ ಕೇಬಲ್‌ಗಳು ಇನ್ನೂ ಕಂಬಗಳ ಮೇಲೆ, ನೆಲದಡಿಯಲ್ಲಿ, ನೀರಿನ ತಳದಲ್ಲಿ ಉಳಿದಿವೆ ಎಂದು ವಾಲ್ ಸ್ಟ್ರೀಟ್ ಜರ್ನಲ್ 2023ರಲ್ಲಿ ವರದಿ ಮಾಡಿತು. ಲೇಕ್ ಟಾಹೋ ತಳದಲ್ಲಿದ್ದವನ್ನು 2024ರಲ್ಲಿ ಎತ್ತಿ ತೆಗೆದರು. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ವಿಷ. ಪಿಕ್ನಿಕ್ಕಿಗೆ ಹೋದಾಗ ಮಂಕು ಬೂದುಬಣ್ಣದ, ಹೆಬ್ಬೆರಳು ದಪ್ಪದ ಅಥವಾ ಇನ್ನೂ ದಪ್ಪದ ಲೋಹದ ಕೇಬಲ್ ಕಂಬದಿಂದ ಇಳಿದಿದ್ದರೆ, ದಡದಲ್ಲಿ ಬಿದ್ದಿದ್ದರೆ ಮುಟ್ಟಲು ಬಿಡಬೇಡಿ. ಮುಟ್ಟಿಬಿಟ್ಟರೆ ತಿಂಡಿ ಡಬ್ಬಿ ತೆಗೆಯುವ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಸ್ಯಾನಿಟೈಸರಿನಿಂದ ಸೀಸ ಹೋಗುವುದಿಲ್ಲ.