ಕೂಗಿದ್ದೆಲ್ಲ ಹುಲಿಯಲ್ಲ

ಕುರಿ ಕಾಯುವ ಹುಡುಗನೊಬ್ಬ ‘ಹುಲಿ ಬಂತು ಹುಲಿ’ ಎಂದು ಸುಳ್ಳಾಗಿ ಕೂಗಿ, ಕೊನೆಗೆ ನಿಜವಾದ ಹುಲಿ ಬಂದಾಗ ಯಾರ ನೆರವೂ ದೊರೆಯದೆ ಕುರಿಗಳನ್ನು ಕಳೆದುಕೊಂಡ ಕತೆಯನ್ನು ಕೇಳದ ಕನ್ನಡಿಗರು ವಿರಳ. ಈಸೋಪನ ತೋಳ ನಮ್ಮಲ್ಲಿಗೆ ಬರುವ ದಾರಿಯಲ್ಲಿ ಹುಲಿಯಾಗಿದೆ, ಅಷ್ಟೇ ವ್ಯತ್ಯಾಸ. ಸುಳ್ಳು ಹೇಳಬಾರದೆಂಬ ನೀತಿಯನ್ನು ಅದರಿಂದ ಹಿಂಡಿ ತೆಗೆದು ಮಕ್ಕಳಿಗೆ ಕುಡಿಸುವುದು ಪಾಠಶಾಲೆಗಳ ಸಂಪ್ರದಾಯ. ಆದರೆ ಕತೆಯಲ್ಲಿ ಹುಡುಗನೊಬ್ಬನೇ ಇಲ್ಲ, ಊರವರೂ ಇದ್ದಾರೆ. ಮೊದಲ ಕೂಗಿಗೆ ನೇಗಿಲು ಬಿಟ್ಟು ಓಡಿಬಂದವರು ಅವರು. ಎರಡನೆಯ ಕೂಗಿಗೂ ದೊಣ್ಣೆ ಹಿಡಿದು ಬಂದವರು. ಮೂರನೆಯ ಸಲ ಅವರು ಬಾರದಿದ್ದುದು ದುಷ್ಟತನದಿಂದಲ್ಲ. ಕೂಗಿಗೂ ಹುಲಿಗೂ ಇದ್ದ ಸಂಬಂಧ ಅವರ ಮನಸ್ಸಿನಲ್ಲಿ ಕಡಿದುಹೋಗಿತ್ತು. ಶಬ್ದ ಉಳಿದಿತ್ತು, ಅರ್ಥ ಹೊರಟುಹೋಗಿತ್ತು. ಶಬ್ದಾರ್ಥಗಳ ವ್ಯವಸಾಯದಲ್ಲಿಯೇ ಹೊಟ್ಟೆ ಹೊರೆಯುತ್ತಿರುವ ನನ್ನಂಥವನನ್ನು ಕತೆಯ ಈ ಅರ್ಧವೇ ಹೆಚ್ಚಾಗಿ ಕಾಡುತ್ತದೆ.

ಈ ಅರ್ಧಕ್ಕೆ ನಮ್ಮ ಕಾಲ ಒಂದು ಹೊಸ ಭಾಷ್ಯವನ್ನು ಬರೆದಿದೆ. ಆ ಭಾಷ್ಯದ ಹೆಸರು ಡೇಟಾಬೇಸ್ ಸರ್ವರುಗಳ ಕಾವಲು. ಸಾಹಿತ್ಯದ ಪುಟಕ್ಕೂ ಇದಕ್ಕೂ ಏನು ನಂಟು ಎಂದು ವಾಚಕರು ಹುಬ್ಬು ಗಂಟಿಕ್ಕುವ ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ನಾವು ರೈಲಿನ ಟಿಕೆಟ್ಟು ಕಾದಿರಿಸುವಾಗ, ಬ್ಯಾಂಕಿನಿಂದ ಹಣ ಕಳುಹಿಸುವಾಗ, ವಿದ್ಯಾರ್ಥಿ ತನ್ನ ಅಂಕಗಳನ್ನು ಎದೆ ಹಿಡಿದುಕೊಂಡು ನೋಡುವಾಗ, ತೆರೆಯ ಮರೆಯಲ್ಲಿ ಒಂದು ಬೃಹತ್ತಾದ ಕಡತಖಾನೆ ದುಡಿಯುತ್ತಿರುತ್ತದೆ. ಅದೇ ಡೇಟಾಬೇಸ್. ಅದನ್ನು ಹೊತ್ತು ನಿಂತಿರುವ ಯಂತ್ರ ಸರ್ವರ್. ಈ ಯಂತ್ರ ಹಗಲಿರುಳೆನ್ನದೆ ಎದ್ದಿರಬೇಕು. ಆದುದರಿಂದ ಅದಕ್ಕೊಂದು ಕಾವಲು ಬೇಕು. ಆ ಕಾವಲನ್ನು ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸಿರುತ್ತಾರೆ. ಅದು ನಿಮಿಷಕ್ಕೊಮ್ಮೆಯೋ ಇನ್ನೂ ಬೇಗನೆಯೋ ಸರ್ವರಿನ ನಾಡಿ ಹಿಡಿದು ನೋಡುತ್ತದೆ: ಪ್ರೊಸೆಸರು ಎಷ್ಟು ದಣಿದಿದೆ? ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ? ಎಷ್ಟು ಜನ ಬಾಗಿಲಲ್ಲಿ ನಿಂತಿದ್ದಾರೆ? ಮೂಲದ ಪಡಿಯಚ್ಚಾದ ರೆಪ್ಲಿಕಾ ಎಷ್ಟು ಹಿಂದೆ ಬಿದ್ದಿದೆ? ಪ್ರತಿಯೊಂದಕ್ಕೂ ಒಂದು ಗಡಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಗಡಿ ದಾಟಿತೆಂದರೆ ಸರದಿಯ ಮೇಲಿರುವ ಮನುಷ್ಯನ ಫೋನು ಬಾರಿಸುತ್ತದೆ. ಇದಕ್ಕೆ ಅಲರ್ಟ್ ಎಂದು ಹೆಸರು.

ಬಿ.ಸಿ.ಎ. ತರಗತಿಗಳಿಗೂ ಕನ್ನಡ ಪಾಠ ಹೇಳುವ ಭಾಗ್ಯ ನನ್ನದಾದ್ದರಿಂದ ಈ ಲೋಕದ ಸುದ್ದಿ ನನ್ನ ಕಿವಿಗೂ ಬೀಳುತ್ತದೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ಈಗ ಬೆಂಗಳೂರಿನಲ್ಲಿ ಇಂಥ ಡೇಟಾಬೇಸುಗಳ ಯೋಗಕ್ಷೇಮ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಎರಡು ವರ್ಷದ ಮಗುವಿನ ತಾಯಿ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವಳು ಮನೆಗೂ ಬಂದಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

“ರಾತ್ರಿ ಎಷ್ಟು ಸಲ ಏಳುತ್ತೀಯಮ್ಮ?” ಎಂದೆ.

“ಲೆಕ್ಕ ಬಿಟ್ಟಿದ್ದೇನೆ ಸರ್. ಮೊದಮೊದಲು ಫೋನು ಬಾರಿಸಿದರೆ ನಾನು ಏಳುತ್ತಿದ್ದೆ. ಈಗ ನನ್ನ ಕೈ ಮಾತ್ರ ಏಳುತ್ತದೆ. ಅದನ್ನು ಸುಮ್ಮನಾಗಿಸಿ ಮತ್ತೆ ಮಲಗುತ್ತದೆ. ಬೆಳಗ್ಗೆ ನೋಡಿದರೆ, ನಾನೇ ನೋಡಿ ಒಪ್ಪಿಕೊಂಡೆನೆಂದು ಅಲ್ಲಿ ದಾಖಲಾಗಿರುತ್ತದೆ!”

ನಗುತ್ತ ಹೇಳಿದಳು, ನನಗೆ ನಗು ಬರಲಿಲ್ಲ. ಊರವರು ಮೂರನೆಯ ಕೂಗಿಗೆ ಏಕೆ ಬರಲಿಲ್ಲವೆಂಬುದರ ವಿವರಣೆ ಆ ನಿದ್ದೆಗಣ್ಣಿನ ಕೈಯಲ್ಲಿತ್ತು.

ಹಾಗಾದರೆ ಈ ಯಂತ್ರ ಸುಳ್ಳು ಹೇಳುತ್ತದೆಯೆ? ಇಲ್ಲ. ಸುಳ್ಳು ಹೇಳುವುದಕ್ಕೆ ಸತ್ಯದ ಅರಿವಿರಬೇಕು, ಯಂತ್ರಕ್ಕೆ ಅದಿಲ್ಲ. ಅದು ಕಂಡದ್ದನ್ನು ಕಂಡಂತೆಯೇ ಹೇಳುತ್ತದೆ. ರಾತ್ರಿ ಒಂದು ಗಂಟೆಗೆ ಬ್ಯಾಕಪ್ಪಿನ ಕೆಲಸ ಮೊದಲಾಗುತ್ತದೆ, ಪ್ರೊಸೆಸರು ನೂರಕ್ಕೆ ತೊಂಬತ್ತರ ಗಡಿ ದಾಟುತ್ತದೆ, ಅಲರ್ಟ್ ಕೂಗುತ್ತದೆ. ಪ್ರೊಸೆಸರು ದುಡಿಯುತ್ತಿರುವುದು ನಿಜ. ಆದರೆ ದುಡಿಯುವುದಕ್ಕೇ ಅದನ್ನು ಕೊಂಡು ತಂದದ್ದು! ತಿಂಗಳ ಕೊನೆಯಲ್ಲಿ ಲಕ್ಷಾಂತರ ದಾಖಲೆಗಳನ್ನು ಒಮ್ಮೆಗೇ ತಿದ್ದುವಾಗ ರೆಪ್ಲಿಕಾ ಹತ್ತು ನಿಮಿಷ ಹಿಂದೆ ಬೀಳುತ್ತದೆ, ಹಾಗೆಯೇ ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಇದೂ ನಿಜವೇ. ಮಾತು ನಿಜ, ಎಚ್ಚರಿಕೆ ಸುಳ್ಳು: ಇದು ಈ ಯುಗದ ವಿಚಿತ್ರವಾದ ಅಲಂಕಾರ.

ಇದರ ಹಿಂದೆ ಒಂದು ಸರಳವಾದ ಗಣಿತವೂ ಇದೆ. ಐವತ್ತು ಅಂಶಗಳನ್ನು ನಿಮಿಷಕ್ಕೊಮ್ಮೆ ಪರೀಕ್ಷಿಸುವ ಕಾವಲುಗಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ದಿನಕ್ಕೆ ೭೨,೦೦೦ ಪರೀಕ್ಷೆಗಳಾದವು. ಆತ ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುತ್ತಾನೆಂದುಕೊಂಡರೂ ದಿನಕ್ಕೆ ೭೨ ಸುಳ್ಳು ಕೂಗು. ಮೂವತ್ತು ದಿನಕ್ಕೆ ೨,೧೬೦. ನಿಜವಾದ ಅನಾಹುತ ತಿಂಗಳಿಗೆ ಒಂದೇ ಒಂದು ಎಂದಿಟ್ಟುಕೊಳ್ಳಿ. ಎರಡು ಸಾವಿರಕ್ಕೂ ಮೀರಿದ ಹೊಟ್ಟಿನಲ್ಲಿ ಒಂದು ಕಾಳು! ಪರೀಕ್ಷೆಯೊಂದರಲ್ಲಿ ನೂರಕ್ಕೆ ೯೯.೯ ಅಂಕ ಪಡೆದವನನ್ನು ನಾವು ಮೆರವಣಿಗೆ ಮಾಡುತ್ತೇವೆ. ಕಾವಲಿನ ಕೆಲಸದಲ್ಲಿ ಅಷ್ಟೇ ಅಂಕ ಪಡೆದವನು ಮನೆಯವರ ನಿದ್ದೆಗೆಡಿಸುತ್ತಾನೆ. ವಿಪತ್ತು ಅಪರೂಪವಾದಷ್ಟೂ ಎಚ್ಚರಿಸುವವನ ನಾಲಗೆ ಬಿಗಿಯಾಗಿರಬೇಕು.

ಇದು ನಿದ್ದೆಯ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ೧೯೯೪ನೆಯ ಜುಲೈ ೨೪ರಂದು ವೇಲ್ಸಿನ ಮಿಲ್‌ಫರ್ಡ್ ಹೇವನ್ನಿನ ಬಳಿಯ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಅಲ್ಲಿದ್ದ ಇಬ್ಬರು ನಿರ್ವಾಹಕರ ಮುಂದೆ ೨೭೫ ಎಚ್ಚರಿಕೆಗಳು ಮೊಳಗಿದವೆಂದು ತನಿಖೆ ಹೇಳಿತು. ಎಚ್ಚರಿಕೆಯ ಕೊರತೆಯಿರಲಿಲ್ಲ, ಪ್ರವಾಹವೇ ಇತ್ತು. ಆಸ್ಪತ್ರೆಗಳ ಕತೆ ಇನ್ನೂ ಕರುಣಾಜನಕ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆ ೨೦೧೩ರ ಏಪ್ರಿಲಿನಲ್ಲಿ ಹೊರಡಿಸಿದ ಪ್ರಕಟಣೆಯಂತೆ, ರೋಗಿಯ ಬಳಿಯ ಯಂತ್ರಗಳು ಮಾಡುವ ಸದ್ದುಗಳಲ್ಲಿ ನೂರಕ್ಕೆ ೮೫ರಿಂದ ೯೯ರವರೆಗೆ ಯಾವ ಚಿಕಿತ್ಸೆಯನ್ನೂ ಬೇಡುವಂಥವಲ್ಲ. ೨೦೦೯ರ ಜನವರಿಯಿಂದ ೨೦೧೨ರ ಜೂನಿನವರೆಗೆ ಅದಕ್ಕೆ ವರದಿಯಾದ, ಎಚ್ಚರಿಕೆಯ ಸದ್ದಿಗೆ ಸಂಬಂಧಪಟ್ಟ ೯೮ ಘಟನೆಗಳಲ್ಲಿ ೮೦ ರೋಗಿಗಳು ಅಸುನೀಗಿದ್ದರು. ದಾದಿಯರಿಗೆ ಕಿವಿಯಿತ್ತು, ಕಿವಿಗೆ ಬಿದ್ದುದರಲ್ಲಿ ಅರ್ಥ ಉಳಿದಿರಲಿಲ್ಲ.

ಹಾಗೆಂದು ಎಲ್ಲ ಸದ್ದನ್ನೂ ಅಡಗಿಸಿಬಿಟ್ಟರೆ ಆಯಿತೆ? ಅದಕ್ಕೂ ಉದಾಹರಣೆಯುಂಟು. ೨೦೧೭ನೆಯ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಡೇಟಾಬೇಸಿನ ರೆಪ್ಲಿಕಾ ತೀರ ಹಿಂದೆ ಬಿದ್ದಿತೆಂದು ಅಲರ್ಟ್ ಬಂತು. ಅದು ನಿಜವಾದ ಕೂಗೇ. ರೆಪ್ಲಿಕಾವನ್ನು ಹೊಸದಾಗಿ ಕಟ್ಟಲು ಹೊರಟ ಎಂಜಿನಿಯರೊಬ್ಬರು, ರೆಪ್ಲಿಕಾದ ಕಡತಗಳೆಂದು ಭಾವಿಸಿ, ರಾತ್ರಿಯ ಆಯಾಸದಲ್ಲಿ ಮೂಲದ ಕಡತಗಳನ್ನೇ ಅಳಿಸಿದರು. ಕ್ಷಣಮಾತ್ರದಲ್ಲಿ ತಿಳಿದು ಕೈ ಹಿಂದೆಗೆದರೂ ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಬರಿದು! ಡೇಟಾಬೇಸಿನ ಆವೃತ್ತಿಯೇ ಬೇರೆ, ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿಯೇ ಬೇರೆಯಾಗಿ ಆ ಕೆಲಸ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ಹೊರಡುತ್ತಿದ್ದವು. ಆದರೆ ಸರಿಯಾದ ಸಹಿಯಿಲ್ಲವೆಂದು ಅಂಚೆಯ ದ್ವಾರಪಾಲಕ ತಂತ್ರಾಂಶ ಅವನ್ನು ಹೊರಗೇ ತಡೆಯುತ್ತಿತ್ತು. ಸುಮಾರು ಆರು ಗಂಟೆಗಳ ಹಿಂದೆ ಒಬ್ಬರು ಬೇರಾವುದೋ ಕಾರಣಕ್ಕೆ ಕೈಯಾರೆ ತೆಗೆದಿಟ್ಟ ಪ್ರತಿಯೊಂದು ಅವರ ಮಾನ ಉಳಿಸಿತು. ಆ ಆರು ಗಂಟೆಗಳ ದಾಖಲೆ ಮಾತ್ರ ಮತ್ತೆ ಬರಲಿಲ್ಲ. ಇದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಿದ್ದು ಆ ಸಂಸ್ಥೆಯ ದೊಡ್ಡತನ. ಅನಗತ್ಯವಾಗಿ ಕೂಗುವುದು ಒಂದು ದೋಷವಾದರೆ, ಕೂಗಬೇಕಾದಾಗ ಗಂಟಲು ಕಟ್ಟುವುದು ಇನ್ನೊಂದು. ಒಂದನ್ನು ತಗ್ಗಿಸಹೊರಟರೆ ಇನ್ನೊಂದು ಏರುವುದು ಈ ತಕ್ಕಡಿಯ ಸ್ವಭಾವ. ಆದುದರಿಂದ ಬೇಕಾದದ್ದು ಮೌನವಲ್ಲ, ವಿವೇಕ.

ಈ ವಿವೇಕವನ್ನು ಅವರು ಹೇಗೆ ಸಾಧಿಸುತ್ತಾರೆಂದು ನನ್ನ ವಿದ್ಯಾರ್ಥಿನಿಯಿಂದ ಕೇಳಿ ತಿಳಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ಶಾಸ್ತ್ರ. ಪದಗಳ ಗುಂಪೊಂದು ವಾಕ್ಯವಾಗಿ ಅರ್ಥ ಕೊಡಬೇಕಾದರೆ ಅದಕ್ಕೆ ಯೋಗ್ಯತೆ, ಆಕಾಂಕ್ಷೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಪ್ರಾಚೀನರು ಹೇಳಿದ್ದಾರೆ. ಅಲರ್ಟ್ ಕೂಡ ಒಂದು ವಾಕ್ಯವೇ ಅಲ್ಲವೆ?

‘ಬೆಂಕಿಯಿಂದ ನೆನೆಸು’ ಎಂಬ ಮಾತಿಗೆ ಯೋಗ್ಯತೆಯಿಲ್ಲ; ಬೆಂಕಿಗೆ ನೆನೆಸುವ ಶಕ್ತಿಯಿಲ್ಲ. ‘ಡಿಸ್ಕು ನೂರಕ್ಕೆ ಎಂಬತ್ತು ತುಂಬಿದೆ’ ಎಂಬ ಎಚ್ಚರಿಕೆಯೂ ಇಂಥದೇ. ನೂರು ಗಿಗಾಬೈಟಿನ ಡಿಸ್ಕಿನಲ್ಲಿ ಉಳಿದದ್ದು ಇಪ್ಪತ್ತು. ಹತ್ತು ಸಾವಿರದ್ದರಲ್ಲಿ ಉಳಿದದ್ದು ಎರಡು ಸಾವಿರ. ಒಂದಕ್ಕೆ ಹೊಂದುವ ಭಯ ಇನ್ನೊಂದಕ್ಕೆ ಹೊಂದದು. ಆದುದರಿಂದ ಬಲ್ಲವರು ಎಷ್ಟು ತುಂಬಿದೆಯೆಂದು ಕೇಳದೆ, ಈಗಿನ ವೇಗದಲ್ಲಿ ಇನ್ನೆಷ್ಟು ಗಂಟೆಗೆ ತುಂಬುತ್ತದೆಯೆಂದು ಕೇಳುತ್ತಾರೆ. ಗಡಿ ದಾಟಿದ ಕೂಡಲೆ ಕೂಗದೆ, ಐದೋ ಹತ್ತೋ ನಿಮಿಷ ಅದು ಹಾಗೆಯೇ ನಿಂತರೆ ಮಾತ್ರ ಕೂಗು ಎಂದು ಕಟ್ಟುಮಾಡುತ್ತಾರೆ. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ೨೦೧೨ರಲ್ಲಿ ಹುಟ್ಟಿದ ಪ್ರಮೀಥಿಯಸ್ ಎಂಬ ಕಾವಲು ತಂತ್ರಾಂಶದಲ್ಲಿ ಈ ಎರಡಕ್ಕೂ ಏರ್ಪಾಡಿದೆ. ಮನೆಯ ಮೇಲಿನ ನೀರಿನ ತೊಟ್ಟಿಗೆ ಮೋಟಾರು ಹೊತ್ತುವ ಮಟ್ಟ ಕೆಳಗೆ, ಆರುವ ಮಟ್ಟ ಮೇಲೆ ಇರುತ್ತದೆಯಷ್ಟೆ. ಎರಡೂ ಒಂದೇ ಗೆರೆಯಲ್ಲಿದ್ದರೆ ಮೋಟಾರು ಕ್ಷಣಕ್ಕೊಮ್ಮೆ ಹೊತ್ತಿ ಆರಿ ಸುಟ್ಟೇಹೋಗುತ್ತದೆ. ಅಲರ್ಟಿಗೂ ಹಾಗೆ ಏಳುವ ಗೆರೆ ಬೇರೆ, ಇಳಿಯುವ ಗೆರೆ ಬೇರೆ ಇರಬೇಕು.

ಎರಡನೆಯದು ಆಕಾಂಕ್ಷೆ. ‘ರಾಮನು’ ಎಂದು ನಿಲ್ಲಿಸಿದರೆ ಕೇಳುವವನ ಮನಸ್ಸು ‘ಏನು ಮಾಡಿದನು?’ ಎಂದು ಬಾಯಾರುತ್ತದೆ. ‘ಪ್ರೊಸೆಸರು ತೊಂಬತ್ತು’ ಎಂದು ನಿಲ್ಲಿಸಿದರೂ ಅಷ್ಟೇ: ಆಗ ನಾನೇನು ಮಾಡಬೇಕು? ಉತ್ತರವಿಲ್ಲದ ಎಚ್ಚರಿಕೆ ಅಪೂರ್ಣವಾಕ್ಯ. ಗೂಗಲ್ಲಿನವರು ೨೦೧೬ರಲ್ಲಿ ಹೊರತಂದ, ಸರ್ವರುಗಳ ನಿರ್ವಹಣೆಯ ಗ್ರಂಥವೊಂದು ಈ ವಿಷಯದಲ್ಲಿ ನಿಷ್ಠುರವಾಗಿದೆ: ಮನುಷ್ಯನನ್ನು ಎಬ್ಬಿಸುವುದಾದರೆ ಅವನು ಬುದ್ಧಿ ಉಪಯೋಗಿಸಿ ಮಾಡಬೇಕಾದ ಕೆಲಸವೊಂದು ಇರಬೇಕು; ಯಂತ್ರದ ಒಳಗಿನ ಏರಿಳಿತಕ್ಕಿಂತ ಬಳಸುವವನಿಗೆ ತೊಂದರೆಯಾಗುತ್ತಿದೆಯೆ ಎಂಬುದೇ ಮುಖ್ಯ; ಹನ್ನೆರಡು ಗಂಟೆಯ ಸರದಿಗೆ ಎರಡು ಘಟನೆಗಳೇ ಪರಮಾವಧಿ. ಉಳಿದವು ಬೆಳಗ್ಗೆ ಓದುವ ಪಟ್ಟಿಗೆ ಸೇರಲಿ.

ಮೂರನೆಯದು ಸನ್ನಿಧಿ. ಒಂದು ಪದವನ್ನು ಈಗ, ಇನ್ನೊಂದನ್ನು ಸಂಜೆಗೆ ನುಡಿದರೆ ವಾಕ್ಯವಾಗದು. ಜಾಲದ ಒಂದು ತಂತಿ ಕಡಿದರೆ ಅದರ ಆಚೆಯಿರುವ ಐವತ್ತು ಸರ್ವರುಗಳೂ ಒಂದೊಂದಾಗಿ ‘ನಾನು ಸತ್ತೆ’ ಎನ್ನುತ್ತವೆ. ಅವನ್ನು ಒಟ್ಟುಗೂಡಿಸಿ ‘ತಂತಿ ಕಡಿದಿದೆ’ ಎಂದು ಒಂದೇ ಮಾತಿನಲ್ಲಿ ಹೇಳಿಸುವುದು, ಮೂಲಕಾರಣ ಕೂಗಿದಾಗ ಕವಲುಗಳ ಬಾಯಿ ಮುಚ್ಚಿಸುವುದು, ಬ್ಯಾಕಪ್ಪಿನ ಹೊತ್ತಿನಲ್ಲಿ ಅವಧಿ ಗೊತ್ತುಮಾಡಿ ಮೌನ ಕೊಡುವುದು ಇವೆಲ್ಲ ಈ ಬಗೆಯ ಸಂಸ್ಕಾರಗಳು. ಇವೆಲ್ಲಕ್ಕೂ ಮೇಲೆ ಒಂದು ಉಪಾಯವಿದೆ: ಕಾವಲುಗಾರನೇ ಸತ್ತರೆ ತಿಳಿಯಬೇಕಲ್ಲ! ಅದಕ್ಕಾಗಿ ‘ನಾನಿದ್ದೇನೆ’ ಎಂದು ಸದಾ ನುಡಿಯುತ್ತಿರುವ ಎಚ್ಚರಿಕೆಯೊಂದನ್ನು ಇಟ್ಟು, ಅದು ನಿಂತಾಗ ಬೇರೊಂದು ಕಡೆಯಿಂದ ಗಂಟೆ ಬಾರಿಸುವಂತೆ ಮಾಡುತ್ತಾರೆ. ಅಲ್ಲಿ ಮೌನವೇ ಕೂಗು.

ಇಷ್ಟು ಉಪಾಯಗಳಿದ್ದೂ ಸುಳ್ಳು ಕೂಗುಗಳು ಏಕೆ ತಗ್ಗುವುದಿಲ್ಲ? ನಾನು ಕೇಳಿದ ಈ ಪ್ರಶ್ನೆಗೆ ಆಕೆ ಕೊಟ್ಟ ಉತ್ತರದಲ್ಲಿ ತಂತ್ರಜ್ಞಾನವಿರಲಿಲ್ಲ, ಲೋಕಾನುಭವವಿತ್ತು. “ಹೊಸ ಅಲರ್ಟ್ ಹಾಕಿದವರನ್ನು ಯಾರೂ ಬೈಯುವುದಿಲ್ಲ ಸರ್. ಹಳೆಯದನ್ನು ತೆಗೆದವರಿಗೆ ಮಾತ್ರ, ನಾಳೆ ಏನಾದರೂ ಆದರೆ, ತಲೆದಂಡ.” ಎಷ್ಟು ನಿಜ! ಗಡಿಯನ್ನು ಗೊತ್ತುಮಾಡುವವರು ಹಗಲಿನಲ್ಲಿ ಕುಳಿತು ಗೊತ್ತುಮಾಡುತ್ತಾರೆ. ಏಳುವವರು ರಾತ್ರಿ ಏಳುತ್ತಾರೆ. ಒಬ್ಬರ ಜಾಗರೂಕತೆಯ ಬೆಲೆಯನ್ನು ಇನ್ನೊಬ್ಬರ ನಿದ್ದೆ ತೆರುತ್ತದೆ.

ಆಕೆ ಒಂದು ನೋಟ್‌ಬುಕ್ಕನ್ನು ಇಟ್ಟಳಂತೆ. ಒಂದು ತಿಂಗಳು ಪ್ರತಿಯೊಂದು ಕೂಗಿನ ಮುಂದೆಯೂ ಮೂರು ಅಂಶ ಬರೆದಳು: ಯಾವಾಗ, ಏತಕ್ಕೆ, ಎದ್ದು ಏನು ಮಾಡಿದೆ. ಬಹುಪಾಲು ಸಾಲುಗಳ ಕೊನೆಯಲ್ಲಿ ‘ಏನೂ ಇಲ್ಲ’ ಎಂದಿತ್ತು. ಅದನ್ನು ಮೇಲಿನವರ ಮೇಜಿನ ಮೇಲಿಟ್ಟು, ರಾತ್ರಿ ಏಳುವವರಿಗೆ ಗಡಿಗಳನ್ನು ತಿದ್ದುವ ಅಧಿಕಾರವೂ ಇರಲಿ ಎಂದು ಕೇಳಿದಳು. ಸ್ವಲ್ಪ ಗೊಣಗಾಟದ ಮೇಲೆ ಒಪ್ಪಿಗೆ ದೊರೆಯಿತು. ಈಗ ತಿಂಗಳಿಗೊಮ್ಮೆ ಎಲ್ಲರೂ ಕುಳಿತು, ‘ಏನೂ ಇಲ್ಲ’ ಎಂಬ ಸಾಲುಗಳನ್ನು ಹುಡುಕಿ, ಅವಕ್ಕೆ ಕಾರಣವಾದ ಅಲರ್ಟುಗಳನ್ನು ತಿದ್ದುತ್ತಾರೆ ಇಲ್ಲವೆ ಕಿತ್ತುಹಾಕುತ್ತಾರೆ. ಕಳೆ ಕೀಳುವುದೂ ಬೇಸಾಯವೇ ಎಂಬುದು ಒಕ್ಕಲು ಮನೆಯ ಆ ಹುಡುಗಿಗೆ ಹೇಳಿಕೊಡಬೇಕಾದ ಪಾಠವಲ್ಲ.

ನಮ್ಮ ಕಚೇರಿಗಳ ಕಾಗದಗಳನ್ನು ನೋಡಿ. ‘ಜರೂರು’ ಎಂಬ ಮಾತು ಸವೆದು ‘ಅತಿ ಜರೂರು’ ಬಂತು. ಅದೂ ಸವೆದು ಅದರ ಕೆಳಗೆ ಕೆಂಪು ಗೆರೆ ಬಂತು. ಈಗ ಗೆರೆಯನ್ನೂ ಯಾರೂ ನೋಡುವುದಿಲ್ಲ. ಮಾತನ್ನು ಅಗ್ಗಮಾಡಿದವರಿಗೆ ಕೂಡಲೆ ನಷ್ಟವಿಲ್ಲ; ನಷ್ಟ ಮುಂದೆ ಎಂದೋ ನಿಜವಾಗಿ ಕೂಗಬೇಕಾದವನದು, ಅವನ ಕೂಗನ್ನು ನೆಚ್ಚಿಕೊಂಡವರದು. ಒಬ್ಬ ಮನುಷ್ಯನನ್ನು ನಡುರಾತ್ರಿಯಲ್ಲಿ ಎಬ್ಬಿಸುವುದೆಂದರೆ ಅವನ ನಂಬಿಕೆಯಿಂದ ಸಾಲ ತೆಗೆದಂತೆ. ಆ ಸಾಲ ತೀರುವುದು ಎದ್ದವನಿಗೆ ಎದ್ದದ್ದು ಸಾರ್ಥಕವಾಯಿತೆನಿಸಿದಾಗ ಮಾತ್ರ.