ಎಡೆಕುಂಟೆ ಕೊಳ್ಳುವ ಮೊದಲು ನಾಲ್ಕು ಗುಂಟೆಯಲ್ಲಿ ಪರೀಕ್ಷಿಸಿ

ರಾಗಿ ಹೊಲದಲ್ಲಿ ಕಳೆ ತೆಗೆಯಲು ಆಳು ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಹೆಚ್ಚು. ಕೈಯಿಂದ ತಳ್ಳುವ ಸೈಕಲ್ ಎಡೆಕುಂಟೆಯಿಂದ ಈ ಖರ್ಚು ತಗ್ಗುವುದೆಂದು ನೀವು ಕೇಳಿರಬಹುದು. ಆದರೆ ನಿಮ್ಮ ಮಣ್ಣಿನಲ್ಲಿ, ನಿಮ್ಮ ಆಳುಗಳ ಕೈಯಲ್ಲಿ ಅದು ಹೇಗೆ ನಡೆದೀತೆಂಬುದನ್ನು ನಮ್ಮ ಸಂಶೋಧನಾ ತಾಕು ನೋಡಿ ಹೇಳಲಾಗದು. ಪರಿಚಯದವರಿಂದ ಕುಂಟೆ ಎರವಲು ತಂದು ನೀವೇ ಪರೀಕ್ಷಿಸಿರಿ.

ಒಂದು ಅಡಿ ಅಂತರದ ಸಾಲುಗಳಲ್ಲಿ ಬಿತ್ತಿದ ಹೊಲವನ್ನೇ ಆರಿಸಿ; ಚೆಲ್ಲಿ ಬಿತ್ತಿದ ರಾಗಿಯಲ್ಲಿ ಕುಂಟೆ ಓಡದು. ಒಂದರ ಪಕ್ಕ ಒಂದರಂತೆ ನಾಲ್ಕು ಪಟ್ಟಿಗಳಿಗೆ ಗೂಟ ಹೊಡೆಯಿರಿ. ಪ್ರತಿ ಪಟ್ಟಿ 99 ಅಡಿ ಉದ್ದ, 11 ಅಡಿ ಅಗಲ, ಅಂದರೆ ಒಂದು ಗುಂಟೆ. ಎರಡರಲ್ಲಿ ಕುಂಟೆ, ಎರಡರಲ್ಲಿ ಕೈಕಳೆ. ಉಳಿದ ಹೊಲದಲ್ಲಿ ವಾಡಿಕೆಯಂತೆ ಕೆಲಸ ಸಾಗಲಿ. ಕುಂಟೆ ಪೈರನ್ನೇ ಕಿತ್ತರೂ ನಷ್ಟ ಎರಡು ಗುಂಟೆಯದು.

ಒಂದೊಂದು ಪಟ್ಟಿ ಸಾಲದೇ ಎಂದು ಕೇಳುವಿರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಎರಡೇ ತಾಕು ಮಾಡಿಸಿ, ಹೊಸ ಪದ್ಧತಿಯ ಪೈರು ಕಂಡು ಹಿಗ್ಗಿದ್ದೆ. ಆ ಜಾಗದಲ್ಲಿ ಹಿಂದೆ ತಿಪ್ಪೆಯಿತ್ತೆಂದು ಹೊಲದ ಯಜಮಾನರು ಹೇಳಿದ್ದು ಕೊಯ್ಲಾದ ಮೇಲೆ! ಅಷ್ಟರಲ್ಲಿ ನನ್ನ ಮಾತು ನಂಬಿ ನೆರೆಯ ರೈತರೊಬ್ಬರು ಸಾಲ ಮಾಡಿ ಹಣ ಹೂಡಿಯಾಗಿತ್ತು.

ಇಳಿಜಾರು ಹೊಲದಲ್ಲಿ ಮೇಲಿನ ಮಣ್ಣು ಕೊಚ್ಚಿ ಕೆಳಗೆ ಸೇರುವುದರಿಂದ ಕೆಳಗಿನ ಪೈರು ಸಾಮಾನ್ಯವಾಗಿ ಹುಲುಸು. ಆದ್ದರಿಂದ ಮೇಲಿನಿಂದ ಕೆಳಕ್ಕೆ ಕುಂಟೆ, ಕೈಕಳೆ, ಕೈಕಳೆ, ಕುಂಟೆ ಎಂಬ ಕ್ರಮವಿರಲಿ. ಒಂದು ಬಿಟ್ಟು ಒಂದರಂತೆ ಮಾಡಿದರೆ ಎರಡು ಸಲವೂ ಕೈಕಳೆಗೇ ಕೆಳಗಿನ ಜಾಗ ಸಿಕ್ಕಿ ಲೆಕ್ಕ ತಪ್ಪುತ್ತದೆ.

ನಾಲ್ಕಕ್ಕೂ ಅದೇ ಆಳುಗಳನ್ನು ಇಳಿಸಿ, ಗಡಿಯಾರ ನೋಡಿ ಹೊತ್ತು ಬರೆದಿಡಿ. ಕುಂಟೆ ಹೊಡೆದ ಬಳಿಕ ಸಾಲಿನೊಳಗೆ ಉಳಿದ ಕಳೆಯನ್ನು ಕೈಯಿಂದಲೇ ಕೀಳಬೇಕಾಗುತ್ತದೆ. ಆ ಹೊತ್ತೂ ಕುಂಟೆಯ ಲೆಕ್ಕಕ್ಕೇ ಸೇರಬೇಕು. ಮರೆಯುವುದು ಇದನ್ನೇ. ಗುಂಟೆಯ ಹೊತ್ತನ್ನು 40ರಿಂದ ಗುಣಿಸಿದರೆ ಎಕರೆಯ ಲೆಕ್ಕ ದೊರೆಯುತ್ತದೆ.

ಕೊಯ್ಲಿನಲ್ಲಿ ಎರಡೂ ಅಂಚಿನ ಒಂದೊಂದು ಸಾಲು ಬಿಟ್ಟು, ಒಳಗಿನ 9 ಸಾಲುಗಳ ಕಾಳನ್ನು ತೂಗಿರಿ. ಕುಂಟೆಯ ಪಟ್ಟಿಗಳಲ್ಲಿ 14 ಮತ್ತು 18 ಕಿಲೋ, ಕೈಕಳೆಯವುಗಳಲ್ಲಿ 15 ಮತ್ತು 16 ಕಿಲೋ ಬಂತೆನ್ನಿ. ಸರಾಸರಿಯಲ್ಲಿ ಕುಂಟೆ ಅರ್ಧ ಕಿಲೋ ಮುಂದೆ. ಆದರೆ ಕುಂಟೆಯ ಎರಡು ಪಟ್ಟಿಗಳ ನಡುವೆಯೇ 4 ಕಿಲೋ ಅಂತರವಿದೆ. ಅದು ಇಳಿಜಾರಿನ ಗುಣ. ಹೀಗಿರುವಾಗ ಆ ಅರ್ಧ ಕಿಲೋ ನಂಬಿ ಇಳುವರಿ ಹೆಚ್ಚಿತೆನ್ನಬೇಡಿ. ಕುಂಟೆಯ ಎರಡೂ ಪಟ್ಟಿಗಳಲ್ಲಿ ಆಳಿನ ಹೊತ್ತು ಉಳಿದಿದ್ದರೆ ಅದನ್ನು ಗಣಿಸಿ.

ಕಳೆ ತೆಗೆದ ಹೆಣ್ಣಾಳುಗಳನ್ನೂ ವಿಚಾರಿಸಿ. ಹಿಡಿ ಎತ್ತರವಾಗಿ ಭುಜ ನೋಯುತ್ತದೆ ಎಂದರೆ ಹಿಡಿ ತಗ್ಗಿಸಿ, ಮುಂದಿನ ಮುಂಗಾರಿನಲ್ಲಿ ಇನ್ನೊಮ್ಮೆ ನಾಲ್ಕು ಗುಂಟೆಯಲ್ಲಿ ಅಳೆಯಿರಿ. ಅಲ್ಲಿಯವರೆಗೆ ಕುಂಟೆಯ ಹಣ ನಿಮ್ಮಲ್ಲೇ ಇರಲಿ.