ನೀರೂ ಆಹಾರವೇ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ಅಲ್ಲಿ ದುಡಿಯುವವರಲ್ಲಿ ನೀವೂ ಒಬ್ಬರೇ? ಹಾಗಾದರೆ ಹಬೆಯ ಸೆಕೆಗೆ ದೇಹದ ನೀರು ಬೆವರಾಗಿ ಹೋಗುತ್ತಲೇ ಇರುತ್ತದೆಂಬುದನ್ನು ಮರೆಯಬೇಡಿ. ಶೌಚಾಲಯದ ಅನುಕೂಲವಿಲ್ಲವೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಸಹೋದರಿಯರಿದ್ದಾರೆ. ಇದರಿಂದ ತಲೆನೋವು, ಉರಿಮೂತ್ರ, ಮಲಬದ್ಧತೆ ಕಾಡುತ್ತವೆ. ಮೂತ್ರದ ಸೋಂಕು, ಕಲ್ಲಿಗೂ ದಾರಿಯಾಗುತ್ತದೆ. ಮೂತ್ರ ಕಡು ಹಳದಿಯಾಗಿದ್ದರೆ ಕುಡಿದ ನೀರು ಸಾಲದೆಂದು ತಿಳಿಯಿರಿ. ಬಾಯಾರುವವರೆಗೆ ಕಾಯದೆ ಆಗಾಗ ನೀರು, ನೀರುಮಜ್ಜಿಗೆ ಕುಡಿಯಿರಿ.

ಆದರೆ ಎಂಥ ನೀರು? ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ಹಾನಿ. ಕುದಿಸಿದರೆ ಫ್ಲೋರೈಡ್ ಹೋಗದು. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಸುಸ್ತಾದಾಗಲೆಲ್ಲ ಟಾನಿಕ್, ವಿಟಮಿನ್ ಮಾತ್ರೆ ಕೊಳ್ಳಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೇ ತಿಂಗಳಿನಿಂದ 180 ದಿನ ತಪ್ಪದೆ ನುಂಗಬೇಕು. ಚಹಾದ ಜೊತೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ, ನಿಂಬೆ ಶರಬತ್ತಿನೊಂದಿಗೆ ಹೆಚ್ಚು. ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು ಇರಲಿ. ರಾಗಿ, ನುಗ್ಗೆಸೊಪ್ಪು, ಮೊಟ್ಟೆ ತಟ್ಟೆಯಲ್ಲಿರಲಿ.

ಕೆಲಸದ ಜಾಗದಲ್ಲಿ ಕುಡಿಯುವ ನೀರನ್ನೂ ಶೌಚಾಲಯವನ್ನೂ ಕೇಳಲು ಸಂಕೋಚಪಡಬೇಡಿ.